ಶನಿಗ್ರಹದ ಸದ್ದು ಮತ್ತು ಗಂಗಕ್ಕನ ಮಡಕೆ

ಸ್ನೇಹಿತರೇ, ಇವತ್ತು ನಮ್ಮ ತ್ಯಾವಣಿಗೆಯ ಸಮುದಾಯ ಭವನಕ್ಕೆ ಇಡೀ ಸೌರಮಂಡಲವೇ ಬಂದಿತ್ತು. ಊರ ಮನೆಗಳಿಂದ ಎರವಲು ತಂದ ತಟ್ಟೆ, ಕೊಡ, ಮಡಕೆಗಳನ್ನು ಬಡಿದು ಗ್ರಹಗಳ ಸಂಗೀತ ಕೇಳಿಸಲು ಪಟ್ಟಣದಿಂದ ಒಬ್ಬ ಮಹಾನ್ ಕಲಾವಿದರು ದಯಮಾಡಿಸಿದ್ದರು. ಬೆಳಿಗ್ಗೆಯಿಂದಲೇ ತಾಲೀಮು ನಡೆಸಿದ್ದರಂತೆ.

ಪಕ್ಕದ ಮನೆಯ ಗಂಗಕ್ಕನ ನೀರಿನ ಮಡಕೆಯ ಸರದಿ ಬಂತು. ಕಲಾವಿದರು ಅದನ್ನು ತೊಡೆಯ ಮೇಲಿಟ್ಟು, ಸೌಟಿನಿಂದ ಕುಟ್ಟಿ, ಕಣ್ಣು ಮುಚ್ಚಿದರು. "ಕೇಳಿ, ಇದು ಶನಿಗ್ರಹದ ಒಂಟಿತನ."

ಸಭೆ ತಲೆದೂಗಿತು. ಮುಂದಿನ ಸಾಲಿನಿಂದ ಗಂಗಕ್ಕ ಎದ್ದರು.

"ಒಂಟಿತನ ಅಲ್ಲರೀ, ಮಡಿಕೆ ಬಿರುಕು ಬಿಟ್ಟೈತೆ. ಬೆಳಿಗ್ಗೆ ಕೊಡುವಾಗ ಠಣ್ ಅಂತಿತ್ತು, ಈಗ ಬೊದ್ ಅಂತೈತೆ. ಬಡ್ದು ಬಡ್ದು ಒಡ್ದಿದೀರಿ!"

"ಅಮ್ಮಾ, ಇದು ಬ್ರಹ್ಮಾಂಡದ ನಾದ. ಅರ್ಥವಾಗಲು ಸೂಕ್ಷ್ಮವಾದ ಕಿವಿ ಬೇಕು."

ಗಂಗಕ್ಕ ವೇದಿಕೆ ಹತ್ತಿ, ಕಲಾವಿದರದೇ ಬಾಟಲಿಯ ನೀರನ್ನು ಮಡಕೆಗೆ ಸುರಿದರು. ಬ್ರಹ್ಮಾಂಡ ಸೋರಿ ಕಲಾವಿದರ ಪೈಜಾಮ ಒದ್ದೆಯಾಯಿತು.

ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ಕುಟ್ಟಿ ನೋಡದೆ ಕೊಳ್ಳುವವರು ನಮ್ಮೂರಲ್ಲಿ ಯಾರೂ ಇಲ್ಲ, ನಾನೂ ಸೇರಿ. ಆದರೂ ಇವತ್ತು ಎಲ್ಲರಿಗಿಂತ ಮೊದಲು ತಲೆದೂಗಿದವನು ನಾನೇ. ಶನಿಯ ಒಂಟಿತನಕ್ಕೆ ನಾನು ಕಣ್ಣು ಒರೆಸಿಕೊಂಡದ್ದನ್ನು ಗಂಗಕ್ಕ ನೋಡಿಲ್ಲ ಎಂದುಕೊಂಡಿದ್ದೇನೆ.