ದೇವರ ಕೋಣೆಯ ಮೇಲಿನ ಮಣ್ಣು

ಗಿರಣಿ ಏಕಾಂತಪ್ಪ ಮನೆಗೆ ಕೆಲಸದವರನ್ನು ಕರೆಸುವುದಿಲ್ಲ ಎಂಬುದು ಕೊಟ್ಟೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೆ ಸ್ವಲ್ಪ ಹೆಚ್ಚೇ ಗೊತ್ತು. ನನ್ನ ಮನೆ ಅವನ ಮನೆಯ ಪಕ್ಕಕ್ಕೆ, ನನ್ನ ಹಾರ್ಡ್‌ವೇರ್ ಅಂಗಡಿ ಅವನ ಮನೆಯ ಮುಂಭಾಗದಲ್ಲೇ ಇದ್ದ ಹಿಟ್ಟಿನ ಗಿರಣಿಯ ಎದುರಿಗೆ. ಮೊಳೆ, ಬಣ್ಣ, ಪೈಪು, ವೈರು, ಏನೇ ಬೇಕಾದರೂ ತಲೆ ಮೀಸೆಯೆಲ್ಲ ಹಿಟ್ಟು ಮಾಡಿಕೊಂಡು ರಸ್ತೆ ದಾಟಿ ಬರುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ದೊಡ್ಡವನು. ನಾನು ಏಕಾಂತಣ್ಣ ಎನ್ನುತ್ತಿದ್ದೆ.

ಕೈ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗಿರಣಿಯ ಮೋಟರು ಕೆಟ್ಟರೆ ತಾನೇ ಬಿಚ್ಚಿ ತಾನೇ ಕೂಡಿಸುತ್ತಿದ್ದ. ಒಮ್ಮೆ ಹೆಂಡತಿ ಪಂಪಮ್ಮ ಹಟ ಹಿಡಿದು ಫ್ಯಾನ್ ಹಾಕಿಸಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿದ್ದಳು. ಅವನು ಏಣಿ ಇಳಿದು ಗಾಡಿ ಹತ್ತಿದನೋ ಇಲ್ಲವೋ, ಏಕಾಂತಣ್ಣ ಅದೇ ಏಣಿ ಹತ್ತಿ ಫ್ಯಾನ್ ಬಿಚ್ಚಿ ಮತ್ತೆ ಹಾಕಿದ. ಅಂಗಡಿಯಲ್ಲಿ ಕೂತವರೆಲ್ಲ ಈ ಕಥೆ ಹೇಳಿ ನಗುತ್ತಿದ್ದೆವು. "ನಮಗೇನ್ ಕೈ ಇಲ್ಲೇನಲೇ?" ಎಂದು ಅವನೂ ನಗುತ್ತಿದ್ದ.

ಆದರೆ ಅವನು ಯಾರನ್ನೂ ಕರೆಸುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಹಿತ್ತಿಲಿನ ಪಾಯಿಖಾನೆ ಕಟ್ಟಿದವನು ಗೌಂಡಿ ಗಂಗಪ್ಪ. ಕಾಂಪೌಂಡ್ ಗೋಡೆಯೂ ಅವನದೇ. "ಗಂಗಪ್ಪನ ಕೈ ಅಂದ್ರ ಕೈ ನೋಡ್" ಎಂದು ಏಕಾಂತಣ್ಣ ಬಂದವರಿಗೆಲ್ಲ ಆ ಗೋಡೆ ತೋರಿಸುತ್ತಿದ್ದ. ಹೊಸ್ತಿಲು ದಾಟಿ ಒಳಗೆ ಹೋದಂತೆ ಕೆಲಸವೆಲ್ಲ ಏಕಾಂತಣ್ಣನ ಪಾಲಿಗೇ ಬರುತ್ತಿತ್ತು. ಪಡಸಾಲೆಗೆ ಸುಣ್ಣ ತಾನೇ ಬಳಿಯುತ್ತಿದ್ದ. ಅಡುಗೆಮನೆಯ ಕಟ್ಟೆ ತಾನೇ ಕಟ್ಟಿದ್ದ. ದೇವರ ಕೋಣೆಯ ಕೆಲಸವಿದ್ದರಂತೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬರಿಗಾಲಲ್ಲಿ ಮಾಡುತ್ತಿದ್ದ. ಗಂಗಪ್ಪ ಯಾವ ಕೇರಿಯವನು ಎಂಬುದನ್ನು ನಾವು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಅದು ಹಳೆಯ ಮಾಳಿಗೆ ಮನೆ, ಅಂದರೆ ಮಣ್ಣಿನ ಚಾವಣಿ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ನೀರು ಇಳಿಯಗೊಡದ ಬೆಳ್ಳನೆಯ ಸವಳು ಮಣ್ಣನ್ನು ಮೇಲೆ ಹರಡುವುದು ನಮ್ಮ ಕಡೆಯ ಪದ್ಧತಿ. ಗೊತ್ತಿದ್ದವರು ಮೂರು ನಾಲ್ಕು ವರ್ಷಕ್ಕೊಮ್ಮೆ ಹಳೆಯ ಮಣ್ಣು ಕೆರೆದು ತೆಗೆದು ಹೊಸದು ಹಾಕುತ್ತಾರೆ. ಏಕಾಂತಣ್ಣ ಗಿರಣಿ, ಪಡಸಾಲೆಗಳ ಮೇಲೆ ಹಾಗೆಯೇ ಮಾಡುತ್ತಿದ್ದ. ದೇವರ ಕೋಣೆಯ ಮೇಲೆ ಮಾತ್ರ ಹೊಸದನ್ನು ಹಾಕುತ್ತಿದ್ದ, ಹಳೆಯದನ್ನು ಕೆರೆಯುತ್ತಿರಲಿಲ್ಲ. ದೇವರ ತಲೆಯ ಮೇಲೆ ಗುದ್ದಲಿ ಹಾಕಬಾರದಂತೆ. ಅವನ ಅಪ್ಪನೂ ಹಾಕಿರಲಿಲ್ಲ.

ಇದನ್ನು ಮೊದಲು ಕಂಡದ್ದು ಗಂಗಪ್ಪ. ಹೋದ ವರ್ಷ ಅವನು ನನ್ನ ಹೊಸ ಮನೆಯ ಮೇಲಂತಸ್ತಿಗೆ ಆರ್‌ಸಿಸಿ ಹಾಕುತ್ತಿದ್ದ. ಅಲ್ಲಿ ನಿಂತರೆ ಪಕ್ಕದ ಮಾಳಿಗೆ ಅಂಗೈಯಲ್ಲಿ ಇದ್ದಂತೆ ಕಾಣುತ್ತದೆ. ಒಂದು ಮಧ್ಯಾಹ್ನ ನನ್ನನ್ನು ಮೇಲಕ್ಕೆ ಕರೆದ.

"ಸಾವ್ಕಾರ್ರ, ಆ ಮೂಲಿ ನೋಡ್ರಿ. ಕುಂಬಿ ಎಲ್ಲೈತಿ?"

ಕುಂಬಿ ಎಂದರೆ ಮಾಳಿಗೆಯ ಸುತ್ತ ಇರುವ ಮೋಟುಗೋಡೆ. ಬೇರೆ ಕಡೆ ಅದು ತೊಡೆಯವರೆಗೆ ಇತ್ತು. ದೇವರ ಕೋಣೆಯ ಮೇಲೆ ಕಾಣಲೇ ಇಲ್ಲ. ಮಣ್ಣು ಅದರ ಅಂಚಿಗೆ ಸಮನಾಗಿ ನಿಂತಿತ್ತು.

"ಕುಂಬಿ ಇಲ್ಲದಂಗಿಲ್ರಿ. ಮಣ್ಣಾಗ ಮುಚ್ಚೈತಿ. ಅಷ್ಟು ಭಾರ ಯಾವ ತೊಲಿ ತಡಕೊಂತೈತ್ರಿ? ಇನ್ನ ಒಳಗ ವರಲಿ ಹುಳ ತೊಲಿ ತಿಂದಿದ್ರ ಮುಗೀತು."

"ಏಕಾಂತಣ್ಣಗ ಹೇಳು ಮತ್ತ" ಎಂದೆ.

"ಎರಡು ಸಲ ಹೇಳೀನ್ರಿ. ನೋಡೋಣಂತ ಅಂತಾರ."

ಮರುದಿನ ಇಬ್ಬರನ್ನೂ ಅಂಗಡಿಯಲ್ಲಿ ಕೂಡಿಸಿ ಚಹಾ ತರಿಸಿದೆ. ಏಕಾಂತಣ್ಣ ಬೆಂಚಿನ ಮೇಲೆ ಕೂತ, ಗಂಗಪ್ಪ ಮೆಟ್ಟಿಲಿನ ಮೇಲೆ. ಕೆಲಸ ಬಲ್ಲ ಇಬ್ಬರು ಮಾತಾಡುವುದನ್ನು ಕೇಳುವುದೇ ಒಂದು ಚೆಂದ. ಎಷ್ಟು ಜಂತಿ ಬದಲಿಸಬೇಕು, ತೊಲೆಗೆ ಎಲ್ಲಿ ಟೇಕು ಎಂದರೆ ಆಸರೆ ಕೊಡಬೇಕು, ಎಲ್ಲವನ್ನೂ ಏಕಾಂತಣ್ಣ ಕೆದಕಿ ಕೆದಕಿ ಕೇಳಿದ. ಗಂಗಪ್ಪ ಕಡ್ಡಿಯಿಂದ ನೆಲದ ಮೇಲೆ ಗೀರಿ ತೋರಿಸಿದ. ನಾಲ್ಕು ದಿನದ ಕೆಲಸ.

"ಆತು. ಒಳಗಿನ ಟೇಕು ನಾ ಕೊಡ್ತೀನಿ. ಹೊರಗಿಂದು ನೀ ನೋಡ್ಕೋ" ಎಂದ ಏಕಾಂತಣ್ಣ.

"ಹಂಗ ಆಗಂಗಿಲ್ರಿ. ಒಳಗ ನಿಂತು ತೊಲಿ ನಾನ ನೋಡಬೇಕು. ಟೇಕು ನಾನ ಕೊಡಬೇಕು. ಅದಾದ ಮ್ಯಾಲೇನ ಮ್ಯಾಲಿನ ಮಣ್ಣಿಗಿ ಗುದ್ದಲಿ ಹಾಕಾದು."

ಏಕಾಂತಣ್ಣ ಚಹಾದ ಗ್ಲಾಸನ್ನು ಕೆಳಗಿಟ್ಟ. "ದೇವ್ರ ತಲಿ ಮ್ಯಾಲೆ ಗುದ್ದಲಿ ಬ್ಯಾಡ ಬಿಡು ಗಂಗಪ್ಪ. ನಾನ ಏನರ ಮಾಡ್ಕೊಂತೀನಿ" ಎಂದು ಎದ್ದ. ಗಂಗಪ್ಪ ನೆಲದ ಮೇಲಿನ ಗೀರುಗಳನ್ನು ಕಾಲಿನಿಂದ ಒರೆಸಿದ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ನಾನು ಏನು ಹೇಳುತ್ತಿದ್ದೆ? ನನ್ನ ಹೊಸ ಮನೆಯಲ್ಲಿ ದೇವರ ಕೋಣೆಯ ಪ್ಲಾಸ್ಟರ್ ಒಂದಕ್ಕೆ ಹರಪನಹಳ್ಳಿಯಿಂದ ನಮ್ಮವನೊಬ್ಬನನ್ನು ಕರೆಸಿದ್ದೆ. ಗಂಗಪ್ಪನಿಗೆ ಅದು ಗೊತ್ತಿತ್ತು. ಕರಣೆ ತೊಳೆದುಕೊಂಡು ಒಂದು ದಿನ ಸುಮ್ಮನೆ ಮನೆಯಲ್ಲಿದ್ದು, ಮರುದಿನ ಬಂದು ಉಳಿದ ಕೋಣೆಗಳ ಕೆಲಸ ಮುಂದುವರಿಸಿದ್ದ.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಪಂಪಮ್ಮ ಅಂಗಡಿಗೆ ಬಂದಳು. ಕಸಬರಿಗೆ ಕೊಳ್ಳುವ ನೆಪ. ಗಿರಣಿಯ ಸದ್ದಿನಲ್ಲಿ ಇಪ್ಪತ್ತೈದು ವರ್ಷ ಬಾಳಿದ ಹೆಂಗಸು, ಜೋರಾಗಿಯೇ ಮಾತಾಡುವ ಅಭ್ಯಾಸ. ಅವತ್ತು ದನಿ ತಗ್ಗಿಸಿದಳು.

"ನಾಗೇಂದ್ರಪ್ಪ, ಮುಂಜಾನೆ ಪೂಜಿಗೆ ಕುಂತ್ರ ತಲಿ ಮ್ಯಾಲೆ ಮಣ್ಣು ಉದುರ್ತೈತಪ್ಪ. ವಿಭೂತಿ ಬಟ್ಟಲದಾಗ ಬೀಳ್ತೈತಿ. ದಿನಾ ಗುಡಿಸಿ ಗುಡಿಸಿ ಸಾಕಾಗೈತಿ. ಗಂಗಪ್ಪನ್ನ ಕರಸ್ರಿ ಅಂದ್ರ ನನ್ನ ಮಾತು ಕೇಳವಲ್ರು. ಬಂದು ಮಾಡಿ ಹೋಗ್ಲಿ, ನಾ ಹಿಂದಿಂದ ತೊಳಕೊಂತೀನಿ. ನೀನಾದ್ರು ಒಂದ್ ಮಾತು ಹೇಳು."

"ಹೇಳ್ತೀನ್ರಿ ಅತ್ತಿಗಿ" ಎಂದೆ.

ಹೇಳಲಿಲ್ಲ. ಎರಡು ದಿನ ಬಿಟ್ಟು ಏಕಾಂತಣ್ಣನೇ ಬಂದ. ಒಳ್ಳೆ ದಪ್ಪನೆಯ ತಾಡಪಾಲು ಬೇಕೆಂದ. ದೇವರ ಕೋಣೆಯ ಮೇಲೆ ಅದನ್ನು ಹಾಸಿ, ಗಾಳಿಗೆ ಹಾರದಂತೆ ಮೇಲೆ ಮತ್ತಷ್ಟು ಸವಳು ಮಣ್ಣು ಹಾಕುತ್ತೇನೆ, ಒಂದು ಹನಿಯೂ ಇಳಿಯುವುದಿಲ್ಲ ಎಂದು ಉತ್ಸಾಹದಿಂದ ವಿವರಿಸಿದ. ಮತ್ತಷ್ಟು ಮಣ್ಣು ಎಂದಾಗ ಗಂಗಪ್ಪನ ಮಾತು ನೆನಪಾಯಿತು. ಆದರೂ ನೀಲಿ ಬಣ್ಣದ್ದನ್ನು ತೆಗೆದು ಅಳೆದು ಕತ್ತರಿಸಿಕೊಟ್ಟೆ. ಇವನಿಗೆ ಹೇಳಲು ಹೋದರೆ ಇವನು ನನ್ನ ಮನೆಯ ಕಡೆ ಬೆರಳು ತೋರಿಸಿಯಾನು ಎಂಬ ಅಳುಕು, ಅಷ್ಟೇ. ಒಬ್ಬ ಹೆಂಗಸಿನ ತಲೆಯ ಮೇಲೆ ಮಣ್ಣು ಉದುರುತ್ತಿದೆ ಎಂದು ಗೊತ್ತಿದ್ದೂ ನಾನು ನನ್ನ ಮರ್ಯಾದೆಯ ಲೆಕ್ಕ ಹಾಕುತ್ತಿದ್ದೆ. ಹೇಸಿಗೆಯಾಗುತ್ತದೆ.

ಉತ್ತರೆ ಮಳೆ ಮೂರು ದಿನ ಬಿಡದೆ ಹಿಡಿಯಿತು. ನಾಲ್ಕನೆಯ ದಿನ ಮಳೆ ನಿಂತಿತ್ತು. ಬೆಳಿಗ್ಗೆ ಏಳೂವರೆ ಇರಬೇಕು, ಅಂಗಡಿಯ ಶಟರ್ ಎತ್ತುತ್ತಿದ್ದೆ. ಗಂಗಪ್ಪ ನನ್ನ ಮನೆಯ ಮೆಟ್ಟಿಲಿಗೆ ಟೈಲ್ಸ್ ಹಾಕಲು ಬಂದಿದ್ದ. ಎದುರಿಗೆ ಗಿರಣಿ ಓಡುತ್ತಿತ್ತು. ಒಮ್ಮೆಲೇ ನೆಲಕ್ಕೆ ಮೂಟೆ ಒಗೆದ ಹಾಗೆ ಸದ್ದಾಯಿತು. ನೋಡಿದರೆ ಏಕಾಂತಣ್ಣನ ಮನೆಯ ತೆರೆದ ಬಾಗಿಲಿನ ಮೂಲಕ, ಹಿಂಬದಿಯಲ್ಲಿ ಮಾಳಿಗೆ ಇರಬೇಕಾದಲ್ಲಿ ಆಕಾಶ ಕಾಣುತ್ತಿತ್ತು. ಧೂಳು ಕೂಡ ಏಳಲಿಲ್ಲ. ಮಣ್ಣು ಅಷ್ಟು ಹಸಿಯಾಗಿತ್ತು.

ಗಿರಣಿಯ ಸದ್ದಿಗೆ ಏಕಾಂತಣ್ಣನಿಗೆ ಏನೂ ಕೇಳಿರಲಿಲ್ಲ. ನಾನು ಓಡಿಹೋಗಿ ಭುಜ ಹಿಡಿದು ಎಳೆದಾಗ ಅವನ ಕೈಯಲ್ಲಿ ಯಾರದೋ ಜೋಳದ ಡಬ್ಬಿ ಇತ್ತು. ಒಳಗೆ ಓಡಿದೆವು. ದೇವರ ಕೋಣೆಯ ಅರ್ಧ ಮಾಳಿಗೆ ಕೆಳಗೆ ಬಂದಿತ್ತು. ಉಳಿದರ್ಧ ಮುರಿದ ತೊಲೆಯ ಮೇಲೆ ಜೋತು ಬಿದ್ದಿತ್ತು. ಮಣ್ಣಿನ ಗುಡ್ಡೆಯ ಆಚೆ ಪಂಪಮ್ಮನ ಸೀರೆಯ ಸೆರಗಿನ ತುದಿ ಕಂಡಿತು. ಏಕಾಂತಣ್ಣ ಬರಿಗೈಯಿಂದ ಮಣ್ಣು ಕೆದರತೊಡಗಿದ.

ಗಂಗಪ್ಪ ಹಾರೆ ಹಿಡಿದುಕೊಂಡು ನನ್ನ ಹಿಂದೆಯೇ ಬಂದಿದ್ದ. ಪಡಸಾಲೆ ದಾಟಿದ, ಅಡುಗೆಮನೆ ದಾಟಿದ. ದೇವರ ಕೋಣೆಯ ಬಾಗಿಲಲ್ಲಿ ಅವನ ಕಾಲು ನಿಂತುಬಿಟ್ಟವು. ಬೇಕೆಂದು ನಿಂತದ್ದಲ್ಲ. ಹೊಸ್ತಿಲಿನ ಹತ್ತಿರ ಬಂದ ಎತ್ತು ತಾನಾಗಿ ನಿಲ್ಲುವ ಹಾಗೆ ನಿಂತವು. ಏಕಾಂತಣ್ಣನ ಮುಖ ನೋಡಿದ. ನಾನು ನಡುವೆ ನಿಂತಿದ್ದೆ, ನನ್ನ ಬಾಯಿಂದಲೂ ಮಾತು ಹೊರಡಲಿಲ್ಲ. ಎಷ್ಟು ಹೊತ್ತು ಹಾಗೆ ಕಳೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಉಸಿರಿನಷ್ಟೋ, ಹತ್ತು ಉಸಿರಿನಷ್ಟೋ.

"ಏನ್ ನೋಡ್ತೀಯೋ ಗಂಗಪ್ಪ! ಬಾರೋ ಒಳಗ!" ಎಂದು ಏಕಾಂತಣ್ಣ ಕಿರುಚಿದ.

ಗಂಗಪ್ಪ ಒಳಗೆ ಬಂದವನೇ ಅಡುಗೆಮನೆಯ ಬಾಗಿಲ ಕದ ಕಿತ್ತು, ಒನಕೆಯ ಜೊತೆ ಸೇರಿಸಿ ಜೋತ ತೊಲೆಗೆ ಆಸರೆ ಕೊಟ್ಟ. "ಮೊದ್ಲು ಆಕಿನ್ನ ತಗಿಯೋ" ಎಂದು ಏಕಾಂತಣ್ಣ ಅವನ ಕೈ ಹಿಡಿದು ಜಗ್ಗಿದ. "ಇದೂ ಬಿದ್ರ ಯಾರೂ ಉಳಿಯಂಗಿಲ್ರಿ" ಎಂದು ಗಂಗಪ್ಪ ಕೈ ಬಿಡಿಸಿಕೊಂಡ. ಹೋದ ವರ್ಷ ಅಂಗಡಿಯ ನೆಲದ ಮೇಲೆ ಗೀರಿ ತೋರಿಸಿದ್ದನಲ್ಲ, ಅದೇ ಜಾಗಕ್ಕೆ ಟೇಕು ಕೊಟ್ಟಿದ್ದ. ಆಮೇಲೆ ಮೂವರೂ ಮಣ್ಣು ತೋಡಿದೆವು.

ಪಂಪಮ್ಮನ ಮೇಲೆ ತೊಲೆ ಬಿದ್ದಿರಲಿಲ್ಲ. ಮೈಮೇಲೆ ದೊಡ್ಡ ಗಾಯವೂ ಇರಲಿಲ್ಲ. ಬಾಯಿ ಮೂಗಿನ ತುಂಬ ಹಸಿ ಮಣ್ಣು. ಇಷ್ಟಲಿಂಗ ಎಡ ಅಂಗೈಯಲ್ಲೇ ಇತ್ತು, ಬೆರಳು ಬಿಗಿದಿದ್ದವು. ಗಂಗಪ್ಪನೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ತಂದ. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ ತಲೆಯಾಡಿಸಿದರು.

ಮಣ್ಣು ಮಾಡಿ ಬಂದ ಮರುದಿನ ನಾನು ಆ ಕೋಣೆಗೆ ಹೋಗಿ ನಿಂತೆ. ಬೀಳದೆ ಉಳಿದಿದ್ದ ಮಾಳಿಗೆಯ ಅಂಚು ಕತ್ತರಿಸಿದ ಹಾಗೆ ಕಾಣುತ್ತಿತ್ತು. ಬಿಳಿ ಪದರು, ಬೂದು ಪದರು, ಮತ್ತೆ ಬಿಳಿ. ಅಪ್ಪ ಹಾಕಿದ ಮಣ್ಣಿನ ಮೇಲೆ ಮಗ ಹಾಕಿದ ಮಣ್ಣು, ವರ್ಷದ ಮೇಲೆ ವರ್ಷ. ಎಲ್ಲಕ್ಕಿಂತ ಮೇಲಿನ ಪದರಿನ ಕೆಳಗೆ ಒಂದು ನೀಲಿ ಗೆರೆ ಇತ್ತು. ನನ್ನ ಅಂಗಡಿಯ ತಾಡಪಾಲು. ಬಹಳ ಹೊತ್ತು ನಿಲ್ಲಲು ಆಗಲಿಲ್ಲ.

ಪಂಪಮ್ಮನ ಶಿವಗಣಾರಾಧನೆ ಮುಗಿದ ಮೇಲೆ ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ಮಗಳು ಭಾಗ್ಯ ತಂದೆಯನ್ನು ತನ್ನ ಜೊತೆ ಕರೆದಳು. ಅವನು ಒಪ್ಪಲಿಲ್ಲ. ಗಿರಣಿಯ ಮೋಟರು ತಿಂಗಳುಗಟ್ಟಲೆ ಸುಮ್ಮನಿತ್ತು. ಒಂದು ದಿನ ಗಂಗಪ್ಪ ನನ್ನ ಅಂಗಡಿಯಲ್ಲಿ ಇರುವುದನ್ನು ಕಂಡು ಏಕಾಂತಣ್ಣ ರಸ್ತೆ ದಾಟಿ ಬಂದ. ಅವನ ಮೀಸೆಯಲ್ಲಿ ಹಿಟ್ಟಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆಂಚಿನ ಮೇಲೆ ಕೂರಲಿಲ್ಲ. ಗಂಗಪ್ಪನ ಪಕ್ಕ ಮೆಟ್ಟಿಲ ಮೇಲೆ ಕೂತ.

"ಆ ಕ್ವಾಣಿ ನೀನ ಕಟ್ಟಿ ಕೊಡು ಗಂಗಪ್ಪ. ಬುಡದಿಂದ ಕಟ್ಟು. ಒಳಗ, ಹೊರಗ, ಎಲ್ಲಾ ನಿಂದ."

ಗಂಗಪ್ಪ ತಲೆ ಎತ್ತಲಿಲ್ಲ. ಸಿಟ್ಟು ಇರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ನಮಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಆ ಕ್ವಾಣಿಗೆ ನಾ ಒಂದ್ ಸಲ ಬಂದೀನ್ರಿ. ಸಾಕು. ಹೊರಗಿನ ಕೆಲಸ ಏನರ ಇದ್ರ ಹೇಳ್ರಿ, ಬರ್ತೀನಿ."

ನನ್ನ ಕಡೆಯೂ ಒಮ್ಮೆ ನೋಡಿದ. ಆಮೇಲೆ ತಾನು ಕೇಳಿದ್ದ ಸಿಮೆಂಟ್ ಚೀಲ ಹೊತ್ತುಕೊಂಡು ಹೋದ. ಏಕಾಂತಣ್ಣ ಮೆಟ್ಟಿಲ ಮೇಲೆ ಹಾಗೆಯೇ ಕೂತಿದ್ದ. ಅವನಿಗೆ ಬೇರೆ ಗೌಂಡಿಗಳು ಸಿಗುತ್ತಿರಲಿಲ್ಲ ಎಂದಲ್ಲ, ನಾನೇ ಇಬ್ಬರ ಹೆಸರು ಹೇಳಿದೆ. ಬೇಡ ಎಂದ.

ಈಗ ಅವನೇ ಕಟ್ಟುತ್ತಿದ್ದಾನೆ. ದಿನಕ್ಕೆ ಒಂದು ವರಸೆ ಇಟ್ಟಿಗೆ, ಕೆಲವು ದಿನ ಅದೂ ಇಲ್ಲ. ಮೊದಲಿನ ಕೈ ಉಳಿದಿಲ್ಲ. ನಿನ್ನೆ ಬಂದು ಇನ್ನೆರಡು ಚೀಲ ಸಿಮೆಂಟ್ ಕೇಳಿದ, ಕೊಟ್ಟೆ. ಪೂರ್ವದ ಗೋಡೆ ಒಳಕ್ಕೆ ವಾಲಿದೆ. ನನ್ನ ಮಾಳಿಗೆ ಮೇಲೆ ನಿಂತರೆ ಕಣ್ಣಿಗೇ ಗೊತ್ತಾಗುತ್ತದೆ, ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೋಡುವುದೇ ಬೇಡ. ನಾನು ಅವನಿಗೆ ಇನ್ನೂ ಹೇಳಿಲ್ಲ.