ಧಾವಳಿ ಉಟ್ಟ ಮೋತ್ಯಾ

ಧಾವಳಿ ಉಟ್ಟ ನಾಯಿಯನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ರವಿವಾರ, ಉಣಕಲ್ ಕೆರೆಯ ನಟ್ಟನಡುವೆ, ದೋಣಿಯಲ್ಲಿ.

ನಗಬೇಡಿ. ಉಡಿಸಿದವಳು ನಾನೇ. ಉಡಿಸು ಎಂದು ಅಪ್ಪಣೆ ಕೊಟ್ಟವರು ನಮ್ಮ ಅತ್ತೆ.

ಈ ಪುಟವನ್ನು ವಾರವಾರವೂ ಓದುವವರಿಗೆ ನಮ್ಮ ಅತ್ತೆಯ ಪರಿಚಯ ಬೇಕಿಲ್ಲ. (ಉಪ್ಪಿನಕಾಯಿಯ ಭರಣಿಯನ್ನು ಬಿಸಿಲಿಗಿಟ್ಟು, ಕಾಗೆಯ ನೆರಳು ಬೀಳದಂತೆ ದಿನವಿಡೀ ಕಾವಲು ಕೂತಿದ್ದರಲ್ಲ, ಅವರೇ.) ಹೊಸಬರಿಗೆ ಇಷ್ಟು ಸಾಕು: ಅವರ ಮಡಿ ಬೆಳಗಿನ ಐದು ಗಂಟೆಗೆ ಶುರುವಾದರೆ ಮಧ್ಯಾಹ್ನದ ಊಟದವರೆಗೆ ಮನೆಯಲ್ಲಿ ಯಾರೂ ಅವರ ಹತ್ತಿರ ಸುಳಿಯುವಂತಿಲ್ಲ. ಮೊಮ್ಮಕ್ಕಳು ಬಂದರೂ ಅಷ್ಟೇ. ಇನ್ನು ನಾಯಿಯ ಪಾಡೇನು?

ನಾಯಿಯ ಹೆಸರು ಮೋತ್ಯಾ. ಹಿತ್ತಲೇ ಅವನ ರಾಜ್ಯ. ನಾನು ಪಾತ್ರೆ ತಿಕ್ಕಲು ಕೂತರೆ ಬೂದಿಯ ಬುಟ್ಟಿಯ ಪಕ್ಕದಲ್ಲಿ ಬಂದು ಕೂಡುತ್ತಾನೆ. ನಾನು ಮಾತಾಡುತ್ತೇನೆ, ಅವನು ಕೇಳುತ್ತಾನೆ. ನಮ್ಮ ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳುವ ಪ್ರಾಣಿ ಅದೊಂದೇ.

ಎರಡು ತಿಂಗಳ ಹಿಂದೆ ಅವನೊಂದು ತಪ್ಪು ಮಾಡಿದ. ಅತ್ತೆ ತುಳಸಿಗೆ ನೀರು ಹಾಕುವಾಗ ಹಿಂದಿನಿಂದ ಬಂದು ಅವರ ಕಾಲಿಗೆ ಮೂಗು ಹಚ್ಚಿದ. ಆ ದಿನ ಅತ್ತೆ ಎರಡು ಸಲ ಸ್ನಾನ ಮಾಡಿದರು. ಆಮೇಲೆ ಪಡಸಾಲೆಗೆ ಬಂದು, ವಕೀಲರಾದ ತಮ್ಮ ಮಗನ ಎದುರು ನಿಂತು ಕಂಡಿಷನ್ ಹಾಕಿದರು.

"ಇನ್ನೊಮ್ಮೆ ಆ ನಾಯಿ ನನ್ನ ಮುಟ್ಟಲಿ. ಅವತ್ತೇ ಅದನ್ನ ಸುಳ್ಳಕ್ಕ ಕಳಸೋದು. ಏನಂತೀ?"

"ಆತವ್ವಾ" ಎಂದರು ನಮ್ಮವರು. ಸುಳ್ಳದಲ್ಲಿ ಅತ್ತೆಯ ತಮ್ಮನ ಹೊಲಮನೆ ಇದೆ. ಕೆಟ್ಟ ಊರೇನಲ್ಲ. ಆದರೆ ಅಲ್ಲಿ ಮೋತ್ಯಾ ಹೊಲ ಕಾಯುತ್ತ ಕೂತರೆ ಇಲ್ಲಿ ನನ್ನ ಮಾತು ಕೇಳುವವರು ಯಾರು? ಅಂದಿನಿಂದ ಅತ್ತೆ ಹಿತ್ತಲಿಗೆ ಬರುವ ಸಪ್ಪಳವಾದರೆ ಸಾಕು, ನಾನು ಕೈಯಲ್ಲಿದ್ದ ತಂಬಿಗೆ ಬಿಟ್ಟು ಮೋತ್ಯಾನ ಕೊರಳು ಹಿಡಿಯುತ್ತಿದ್ದೆ.

ಹೀಗೆ ಎಲ್ಲವೂ ನೆಟ್ಟಗೆ ನಡೆದಿತ್ತು. ಕೆಡಿಸಿದ್ದು ಒಂದು ಚಿತ್ರ.

ಕೋರ್ಟಿನ ವಕೀಲರ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಇಂಗ್ಲಿಷ್ ಮ್ಯಾಗಝಿನ್ ಒಂದನ್ನು ನಮ್ಮವರು ಮನೆಗೆ ತಂದರು. ಅದರಲ್ಲೊಂದು ಚಿತ್ರ. ದೋಣಿಯಲ್ಲಿ ಒಬ್ಬ ಸಾಹೇಬ, ಛತ್ರಿ ಹಿಡಿದ ಮೆಮ್‌ಸಾಹೇಬ, ದೋಣಿಯ ತುದಿಯಲ್ಲಿ ಗಾಳಿಗೆ ಕಿವಿ ಹಾರಿಸುತ್ತ ನಿಂತ ನಾಯಿ.

"ನೋಡಿಲ್ಲೆ. ಬೋಟಿಂಗ್ ಅಂದ್ರ ಹಿಂಗಿರ್ತದ" ಎಂದರು. "ನಮ್ಮ ಕಡೆ ಛತ್ರಿ ಅದ, ನಾಯಿ ಅದ, ಉಣಕಲ್ಲಾಗ ಯಲ್ಲಪ್ಪನ ದೋಣಿ ಅದ. ಇನ್ನೇನ ಬೇಕು?"

"ಮೆಮ್‌ಸಾಹೇಬ?" ಎಂದೆ.

"ನೀ ಇದ್ದೀಯಲ್ಲ."

(ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಈ ಪದವಿ ಸಿಕ್ಕಿತು. ಆಗಲೇ ನಾನು ಎಚ್ಚರಾಗಬೇಕಿತ್ತು.)

ಯಲ್ಲಪ್ಪ ಮೀನು ಹಿಡಿಯುವವನು. ಈಚೆಗೆ ಹುಬ್ಬಳ್ಳಿಯ ಮಂದಿಗೆ ಬೋಟಿಂಗ್ ಹುಚ್ಚು ಹತ್ತಿದ್ದನ್ನು ನೋಡಿ ದೋಣಿಗೆ ಬಿಳಿ ಬಣ್ಣ ಬಳಿದಿದ್ದಾನೆ. ಆರು ದಿನ ಮೀನು, ರವಿವಾರ ನಾವು.

ಹೊರಡುವ ಹಿಂದಿನ ದಿನ ಅತ್ತೆಯೂ ಬರುತ್ತೇನೆಂದರು! ಕೆರೆಯ ಆಚೆ ದಂಡೆಯಲ್ಲಿ ಒಂದು ಸಣ್ಣ ಹಣಮಪ್ಪನ ಕಟ್ಟೆ ಇದೆ. ಅದಕ್ಕೆ ಎಣ್ಣೆ ಹಾಕುವ ಹರಕೆ ಬಾಕಿ ಇತ್ತಂತೆ. ನಡೆದು ಹೋಗಲು ಮೊಣಕಾಲು ಒಪ್ಪಿರಲಿಲ್ಲ.

"ನಾಯಿನೂ ಬರ್ತದವ್ವಾ" ಎಂದರು ನಮ್ಮವರು, ಮೆಲ್ಲಗೆ.

"ಬರಲಿ. ಅದು ಆ ತುದಿಗೆ, ನಾ ಈ ತುದಿಗೆ. ಕಂಡಿಷನ್ ನೆನಪದಲ್ಲ?"

ನೆನಪಿತ್ತು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ರವಿವಾರ ಬೆಳಿಗ್ಗೆ ಬುತ್ತಿ ಕಟ್ಟಿದೆ. ಮೊಸರನ್ನ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ. ಅತ್ತೆಗೆ ಬೇರೆ ಬಾಳೆಹಣ್ಣು. ಅತ್ತೆ ತಮ್ಮ ಹಳೆಯ ಧಾವಳಿಯನ್ನು ಬಗಲಲ್ಲಿಟ್ಟುಕೊಂಡರು. ಧಾವಳಿ ಗೊತ್ತಲ್ಲ, ಮಡಿಗೆಂದು ಉಡುವ ಉಣ್ಣೆಯ ಸೀರೆ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ. ಮೀನಿನ ದೋಣಿಯ ಹಲಗೆಯ ಮೇಲೆ ಅದನ್ನು ಹಾಸಿ ಕೂಡುವುದು ಅವರ ವಿಚಾರ. ಟಾಂಗಾದಲ್ಲಿ ನಾವು ಮೂವರು, ಟಾಂಗಾದ ಹಿಂದೆ ಓಡುತ್ತ ಮೋತ್ಯಾ.

ಕೆರೆಯ ದಂಡೆಯಲ್ಲಿ ಯಲ್ಲಪ್ಪ ನಮ್ಮನ್ನೆಲ್ಲ ಒಮ್ಮೆ ನೋಡಿದ. ನಮ್ಮವರನ್ನು ಎರಡು ಸಲ ನೋಡಿದ. (ನಮ್ಮವರು ಕೋಟು, ರುಮಾಲು, ಕೈಯಲ್ಲಿ ಮಡಚಿದ ಮ್ಯಾಗಝಿನ್ ಸಮೇತ ಬಂದಿದ್ದರು. ಅವರ ತೂಕ ಇಲ್ಲಿ ಬರೆಯುವುದಿಲ್ಲ. ನಾಳೆಯೂ ಇದೇ ಮನೆಯಲ್ಲಿ ಇರಬೇಕು.)

"ವಕೀಲ ಸಾಹೇಬ್ರ, ನೀವೊಬ್ರ ಆ ತುದಿಗೆ ಕುಂದರ್ರಿ. ಅವ್ವಾರಿಬ್ರೂ ನಾಯೀನೂ ಈ ತುದಿಗೆ. ನಡಕ ನಾ."

"ನಾಯಿ ನನ್ನ ಬಾಜೂಕ ಬರ್ತದಪಾ" ಎಂದರು ನಮ್ಮವರು.

"ಬಂದ್ರ ದೋಣಿ ಒಂದ ಕಡೆ ಎತ್ತಿಕೊಳ್ತೈತ್ರಿ. ನಿಮ್ಮ ಸರೀ ತೂಗಾಕ ಮೂರೂ ಮಂದಿ ಬೇಕು."

ಮೂರು ಮಂದಿಯಲ್ಲಿ ಮೋತ್ಯಾನೂ ಒಬ್ಬ! ನಾನು ಅತ್ತೆಯ ಮುಖ ನೋಡಿದೆ. ತುದಿಯ ಹಲಗೆ ಒಂದೂವರೆ ಮೊಳ. ಅದರ ಮುಂದೆ ಕಾಲಿಡುವಷ್ಟು ಜಾಗ. ಅಲ್ಲಿ ನಾಯಿ ಕೂತರೆ ಮುಟ್ಟದೇ ಇರಲು ಸಾಧ್ಯವೇ? ಸುಳ್ಳದ ಚಕ್ಕಡಿ ಬಂದು ನಮ್ಮ ಬಾಗಿಲಿಗೆ ನಿಂತಂತೆಯೇ ಕಂಡಿತು ನನಗೆ.

"ಬ್ಯಾಡ್ರಿ. ನಾನೂ ಮೋತ್ಯಾನೂ ದಂಡೀಮ್ಯಾಲೆ ಇರ್ತೀವಿ. ನೀವು ಹೋಗಿ ಬರ್ರಿ" ಎಂದೆ.

"ನೀವ್ ಇಳದ್ರ ಈ ತುದಿ ಇನ್ನೂ ಹಗುರ ಆಕ್ಕೈತ್ರೀ ಅವ್ವಾರ" ಎಂದ ಯಲ್ಲಪ್ಪ.

ಅತ್ತೆ ಒಂದು ಕ್ಷಣ ಕೆರೆಯ ಆಚೆಗಿನ ಹಣಮಪ್ಪನನ್ನು ನೋಡಿದರು. ಆಮೇಲೆ ಬಗಲಲ್ಲಿದ್ದ ಧಾವಳಿಯನ್ನು ನನ್ನ ಕಡೆ ಚಾಚಿದರು.

"ಇದನ್ನ ನಾಯಿಗೆ ಸುತ್ತು."

"ಅತ್ತ್ಯಾರ?"

"ಉಣ್ಣಿಗೆ ಮೈಲಿಗಿ ಇಲ್ಲ. ಧಾವಳಿ ಮ್ಯಾಲಿಂದ ತಾಗಿದ್ರ ಅದು ಮುಟ್ಟಿದಂಗಲ್ಲ. ಸುತ್ತು, ಹೊತ್ತಾತು."

"ಹಲಗೀಗೆ ಏನ ಹಾಸ್ತೀರಿ? ಮೀನಿಂದು..."

"ಮೀನು ಹೋಗ್ಯಾವ. ನಾಯಿ ಇಲ್ಲೇ ಅದ."

ನಾಲ್ಕು ಮಡಿಕೆ ಮಾಡಿ ಸುತ್ತಿದೆ. ಹೊಟ್ಟೆಯ ಕೆಳಗೆ ಒಂದು ಗಂಟು, ಎದೆಗೊಂದು ಗಂಟು. ಬಾಲ ಮಾತ್ರ ಹೊರಗುಳಿಯಿತು. ಅದನ್ನು ನನ್ನ ಕಡೆ ತಿರುಗಿಸಿಕೊಂಡೆ. ಮೋತ್ಯಾ ಶ್ರಾದ್ಧದ ಊಟಕ್ಕೆ ಕೂತ ಭಟ್ಟರ ಹಾಗೆ ಗಂಭೀರವಾಗಿ ಕೂತ.

"ಲಗ್ನಕ್ಕ ಕುಂತ ಮದುಮಗನಾಂಗ ಕಾಣ್ತಾನ್ರಿ" ಎಂದ ಯಲ್ಲಪ್ಪ.

"ನೀ ದೋಣಿ ನಡಸು" ಎಂದರು ಅತ್ತೆ.

ಅರ್ಧ ಕೆರೆ ಚೆನ್ನಾಗಿಯೇ ಸಾಗಿತು. ತಂಪು ಗಾಳಿ, ನನ್ನ ಕೈಯಲ್ಲಿ ಛತ್ರಿ. ನಮ್ಮವರು ಮ್ಯಾಗಝಿನ್ ತೆರೆದು ಒಮ್ಮೆ ಚಿತ್ರವನ್ನೂ ಒಮ್ಮೆ ನಮ್ಮನ್ನೂ ನೋಡುತ್ತಿದ್ದರು. ಎಲ್ಲೋ ಏನೋ ಹೊಂದುತ್ತಿಲ್ಲ ಎಂಬುದು ಅವರ ಮುಖದಲ್ಲಿತ್ತು.

ಅಷ್ಟರಲ್ಲಿ ಜೊಂಡಿನಿಂದ ಒಂದು ನೀರುಕೋಳಿ ಎದ್ದಿತು. ಮೋತ್ಯಾನೂ ಎದ್ದ. ನಾನು ಹಿಡಿದೆ. ಕೈಯಲ್ಲಿದ್ದದ್ದು ಬಾಲ. ಅದೂ ಜಾರಿತು. ಧಡ್!

ನಾಯಿಗೆ ಈಜು ಬರುತ್ತದೆ, ಹೌದು. ಆದರೆ ಧಾವಳಿ ಉಟ್ಟು ಈಜುವ ರೂಢಿ ಯಾವ ನಾಯಿಗಿದೆ? ಉಣ್ಣೆ ನೀರು ಕುಡಿಯಿತು. ಒಮ್ಮೆ ಮೂಗು ಕಂಡಿತು, ಒಮ್ಮೆ ಕಾಣಲಿಲ್ಲ. ಅವನಿಗೆ ಆ ಗಂಟು ಹಾಕಿದ ಕೈ ನನ್ನದು.

"ಮೋತ್ಯಾ! ಕಮ್ ಬ್ಯಾಕ್! ಕಮ್ ಬ್ಯಾಕ್!" ಎಂದು ಆ ತುದಿಯಿಂದ ನಮ್ಮವರು ಕೂಗಿದರು. (ಅವನು ಹುಟ್ಟಿದ್ದು ಹಿಟ್ಟಿನ ಗಿರಣಿಯ ಹಿಂದೆ. ಇಂಗ್ಲಿಷ್ ಯಾರು ಕಲಿಸಬೇಕು?) ಏಳಲು ಹೋದರು.

"ಏಳಬ್ಯಾಡ್ರೀ ಸಾಹೇಬ್ರ, ಎಲ್ಲಾರೂ ಬೀಳ್ತೀವಿ!" ಎಂದು ಯಲ್ಲಪ್ಪ ಹುಟ್ಟು ತಿರುಗಿಸಿ ದೋಣಿಯನ್ನು ನಾಯಿಯ ಹತ್ತಿರ ತಂದ. ನಾಯಿ ಬಂದದ್ದು ಅತ್ತೆಯ ಮಗ್ಗುಲಿಗೆ.

ಅತ್ತೆ ಬಗ್ಗಿ ಧಾವಳಿಯ ಅಂಚು ಹಿಡಿದು ಎಳೆದರು. ಉಣ್ಣೆಗೆ ಮೈಲಿಗೆ ಇಲ್ಲವಷ್ಟೆ. ಆದರೆ ಗಂಟು ಸಡಿಲಿತು. ಧಾವಳಿ ಮಾತ್ರ ಅವರ ಕೈಗೆ ಬಂತು, ನಾಯಿ ನೀರಲ್ಲೇ ಉಳಿಯಿತು. ದಣಿದಿತ್ತು, ಕಾಲು ಆಡುತ್ತಿರಲಿಲ್ಲ.

ಅತ್ತೆ ತಮ್ಮ ಕೈ ನೋಡಿಕೊಂಡರು. ಎಷ್ಟು ಹೊತ್ತು? ಕಣ್ಣು ಮಿಟುಕಿಸುವಷ್ಟು. ಧಾವಳಿಯನ್ನು ನನ್ನ ಮಡಿಲಿಗೆ ಎಸೆದರು. ಬರಿಗೈ ನೀರಿಗಿಳಿಸಿ, ಮುಂಗಾಲುಗಳ ಕೆಳಗೆ ಹಾಕಿ, ಬಾವಿಯಿಂದ ಕೊಡ ಎತ್ತುವ ಹಾಗೆ ಮೋತ್ಯಾನನ್ನು ಎತ್ತಿ ಒಳಗೆ ಹಾಕಿದರು.

ಮೋತ್ಯಾ ಕೃತಜ್ಞತೆ ತೋರಿಸಿದ. ನಾಯಿಗಳಿಗೆ ಗೊತ್ತಿರುವ ರೀತಿಯಲ್ಲಿ. ನಾಲ್ಕೂ ಕಾಲೂರಿ ನಿಂತು, ಮೂಗಿನಿಂದ ಬಾಲದವರೆಗೆ ಮೈ ಝಾಡಿಸಿದ. ಬುತ್ತಿ ತೊಯ್ದಿತು. ನಮ್ಮವರ ರುಮಾಲು ತೊಯ್ದಿತು. ಚಿತ್ರದ ಸಾಹೇಬನೂ ತೊಯ್ದ. ಛತ್ರಿ ಹಿಡಿದವಳು ನಾನೊಬ್ಬಳೇ ಸ್ವಲ್ಪ ಉಳಿದೆ.

ದೋಣಿ ಆಚೆ ದಂಡೆ ಸೇರಿತು. ಅತ್ತೆ ಇಳಿದವರೇ ಉಟ್ಟ ಸೀರೆಯಲ್ಲೇ ಕೆರೆಯಲ್ಲಿ ಮೂರು ಮುಳುಗು ಹಾಕಿದರು. ತೊಯ್ದ ಸೀರೆ ಮಡಿಯೇ ತಾನೆ? ಹಾಗೇ ಹೋಗಿ ಹಣಮಪ್ಪನಿಗೆ ಎಣ್ಣೆ ಹಾಕಿದರು. ಮನೆಗೆ ಬಂದವರೇ ನೇರ ದೇವರ ಕೋಣೆ ಸೇರಿದರು. ತೊಯ್ದ ಮೊಸರನ್ನವನ್ನು ಹಿತ್ತಲಲ್ಲಿ ಮೋತ್ಯಾನ ಮುಂದೆ ಹಾಕಿದೆ. ಉಂಡುಕೊಳ್ಳಲಿ, ಸುಳ್ಳದಲ್ಲಿ ಇಷ್ಟು ಚೆನ್ನಾಗಿ ಮೊಸರನ್ನ ಯಾರು ಕಲಸುತ್ತಾರೆ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ನಮ್ಮವರು ಮೇಜಿನ ಮುಂದೆ ಕಾರ್ಡು ಬರೆಯಲು ಕೂತರು. ಅವ್ವ ಕೇಳುವ ಮೊದಲೇ ತಾವೇ ಬರೆದುಬಿಟ್ಟರೆ ಬೈಗುಳ ಕಡಿಮೆಯಾದೀತು ಎಂದು ಲೆಕ್ಕ. ಅತ್ತೆ ದೇವರ ಕೋಣೆಯಿಂದ ಹೊರಬಂದರು. ನಾನು ಬಾಗಿಲ ಹಿಂದೆ ನಿಂತೆ.

"ಯಾರಿಗೆ ಬರೀಲಿಕ್ಕತ್ತೀ?"

"ಸುಳ್ಳದ ಮಾಮಾಗ. ಮೋತ್ಯಾನ್ನ ಕರಕೊಂಡು ಹೋಗಂತ."

"ಯಾಕ?"

"ಯಾಕಂದ್ರ? ಕಂಡಿಷನ್ ಹಾಕಿದಾಕಿ ನೀನೇ ಅಲ್ಲೇನವಾ? ನಿನ್ನೆ ಮುಟ್ಟಿತಲ್ಲ."

"ಎಲ್ಲೆ ಮುಟ್ಟೇದ?"

"ಕೆರ್ಯಾಗ! ಎಲ್ಲಾರೂ ನೋಡೀವಿ!"

"ಏನ ನೋಡೀರಿ? ಅದು ನನ್ನ ಮುಟ್ಟಿಲ್ಲ. ನಾ ಅದನ್ನ ಮುಟ್ಟೀನಿ. ನಾ ಮುಟ್ಟಿದ್ರ ನಾಯೀನ ಕಳಸಬೇಕು ಅಂತ ಅವತ್ತು ಯಾರರೆ ಅಂದಿದ್ರೇನು? ನಾ ಮುಟ್ಟೀನಿ, ನಾ ಸ್ನಾನ ಮಾಡೀನಿ. ಮುಗೀತು."

ನಮ್ಮವರು ಪೆನ್ನು ಕೆಳಗಿಟ್ಟರು.

"ಹಂಗಾರ ಅದು ಮೈ ಝಾಡಿಸಿದ್ದು?"

"ಅದು ಕೆರೀ ನೀರು. ಅದರಾಗ ನಾಯೀದೇನು?" ಅತ್ತೆ ಒಳಗೆ ಹೊರಟವರು ತಿರುಗಿದರು. "ಕಾರ್ಡ್ ತಗೊಂಡೀ ಅಂದ್ರ ಬರದುಬಿಡು. ಹೊಸಾ ಧಾವಳಿ ಒಂದು ಕಳಸು ಅಂತ. ಹಳೇದು ನಾಯಿಗಾತು."

ನಾನು ಹಿತ್ತಲಿಗೆ ಓಡಿದೆ. ಮೋತ್ಯಾ ಒಣಗಲು ಹಾಕಿದ್ದ ಧಾವಳಿಯ ನೆರಳಲ್ಲಿ ಮಲಗಿದ್ದ. ಎಬ್ಬಿಸಿ ಎಲ್ಲ ಹೇಳಿದೆ. ಕೊನೆಯವರೆಗೆ ಕೇಳಿದ.

ನಮ್ಮ ಪಡಸಾಲೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ನಮ್ಮವರ ವಕೀಲಿ ಸನದು ತೂಗುತ್ತಿದೆ. ದಿನಾಲೂ ಅದರ ಧೂಳು ಒರೆಸುವವಳು ನಾನು. ಸೋಮವಾರದಿಂದ ಒರೆಸುವಾಗಲೆಲ್ಲ ಒಂದೇ ಪ್ರಶ್ನೆ: ಅದರ ಮೇಲೆ ಹೆಸರು ಬರೆಯುವ ಮುಂಚೆ ಸರಕಾರದವರು ಈ ಮನೆಗೆ ಬಂದು ಒಮ್ಮೆ ವಿಚಾರಿಸಬಾರದಿತ್ತೇ?