ಒಲೆಯ ಹತ್ತಿರದ ಜಾಗ

ನಮ್ಮೂರು ಮೋರಖಂಡಿಯಿಂದ ಅಣ್ಣ ಬೆಲ್ಲ ಕಳಿಸಿದ್ದಾನೆ. ಈ ಸಲದ ಹೊಸ ಬೆಲ್ಲ, ಹಳೆಯ ಧೋತರದ ಚೂರಿನಲ್ಲಿ ಕಟ್ಟಿದ್ದು. ಬೆಲ್ಲ ಬಂದರೆ ಎಲ್ಲರೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ನಾನು ಮೂಸಿ ನೋಡುತ್ತೇನೆ. "ಬೆಲ್ಲ ಮೂಸೋ ಗಂಡಸರನ್ನ ನಾ ಎಲ್ಲೂ ಕಂಡಿಲ್ಲ ನೋಡ್ರಿ" ಎಂದು ಹೆಂಡತಿ ಚಹಾಕ್ಕೆ ನೀರಿಟ್ಟಳು. ಏನನ್ನು ಹುಡುಕುತ್ತೇನೆಂದು ಅವಳಿಗೆ ಗೊತ್ತು.

ನಾನು ಚಿಂತೆಯ ಮನುಷ್ಯ ಎಂಬುದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸಿನಲ್ಲಿ ಕೂತರೆ ನನ್ನ ಕಣ್ಣು ಡ್ರೈವರನ ಆಕಳಿಕೆಯ ಮೇಲೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಆರಿಸಿದ್ದನ್ನು ಕಂಡು ಮತ್ತೆ ಹೊರಟರೆ ಬೀಗದ ಚಿಂತೆ. ಇಷ್ಟು ವಯಸ್ಸಾದರೂ ಬಿಪಿ ಬಂದಿಲ್ಲವಲ್ಲ ಎಂಬುದೂ ನನಗೊಂದು ಚಿಂತೆಯೇ.

ಹೀಗಿರುವವನ ತಂಗಿ ಬಸುರಿಯಾದರೆ ಮನೆಯವರ ಗತಿ ಏನಾಗಿರಬೇಡ. ಶಾಂತಾ ನಮ್ಮಲ್ಲಿ ಎಲ್ಲರಿಗಿಂತ ಕಿರಿಯವಳು, ನಾನು ಎತ್ತಿ ಆಡಿಸಿದವಳು. ಹುಮನಾಬಾದಿನ ಹತ್ತಿರ ಹುಡಗಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಏಳು ತಿಂಗಳಿಗೆ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವ್ವ ಅವಳನ್ನು ಮೋರಖಂಡಿಗೆ ಕರೆತಂದಳು. ನಾನು ಆಗಲೂ ಬಸವಕಲ್ಯಾಣದಲ್ಲೇ ಇದ್ದೆ. ರವಿವಾರಕ್ಕೊಮ್ಮೆ ಹೋಗಿ ಎಲ್ಲರ ತಲೆ ತಿಂದು ಬರುತ್ತಿದ್ದೆ. ಮೆಟ್ಟಿಲು ಏರಬೇಡ, ಕೊಡ ಎತ್ತಬೇಡ, ಆ ಎಮ್ಮೆಯ ಹತ್ತಿರ ಹೋಗಬೇಡ. ಎಮ್ಮೆಯೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿತ್ತು.

ನಮ್ಮ ಮನೆ ಇರುವುದು ಹೊಲದಲ್ಲಿ, ಬೆಲ್ಲದ ಗಾಣದ ಪಕ್ಕಕ್ಕೆ. ಬೀದರ ಜಿಲ್ಲೆಯ ಚಳಿ ನೀವು ಕಂಡಿದ್ದೀರೋ ಇಲ್ಲವೋ, ಬೆಳಿಗ್ಗೆ ಚೊಂಬಿನ ನೀರು ಮುಟ್ಟಲು ಧೈರ್ಯ ಬೇಕು. ಆ ದಿನಗಳಲ್ಲಿ ಇಡೀ ಹೊಲದಲ್ಲಿ ಬೆಚ್ಚಗಿನ ಜಾಗ ಒಂದೇ: ಕೊಪ್ಪರಿಗೆಯ ಒಲೆಗೆ ಆನಿಕೊಂಡ ಗೋಡೆಯ ಬುಡ. ಅಪ್ಪ ಇದ್ದಾಗ ಅದು ಅಪ್ಪನ ಜಾಗ. ಬೀಗರು ಬಂದರೆ ಬೀಗರದು. ಆ ವರ್ಷ ಅವ್ವ ಅಲ್ಲಿ ಕೌದಿ ಹಾಸಿ ಶಾಂತಾಳನ್ನು ಕೂರಿಸಿದಳು. ಕುದಿಯುವ ಕಬ್ಬಿನ ಹಾಲಿನ ವಾಸನೆಗೆ ಬಾಯಲ್ಲಿ ನೀರೂರಿ, ಅವಳು ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು ನೆಕ್ಕುತ್ತಿದ್ದಳು. ಅವಳು ಅಷ್ಟು ಸುಖವಾಗಿ ಕೂತದ್ದನ್ನು ನಾನು ಮುಂದೆ ಕಂಡಿಲ್ಲ.

ಅಕಾಲಕ್ಕೆ ಮಳೆ ಬಿದ್ದು ಒಲೆಗೆ ಹಾಕುವ ಕಬ್ಬಿನ ಸಿಪ್ಪೆಯೆಲ್ಲ ತೊಯ್ದುಹೋಯಿತು. ಕಡಿದ ಕಬ್ಬು ಕಾಯುವುದಿಲ್ಲ. ಅಣ್ಣ ಹುಮನಾಬಾದಿನ ಗುಜರಿಯಿಂದ ಹಳೆಯ ಟಯರಿನ ತುಂಡು, ಸವೆದ ಚಪ್ಪಲಿ ತಂದು ಒಲೆಗೆ ಹಾಕಿಸಿದ. ಕರಿ ಹೊಗೆ ಎದ್ದಿತು. ಮೇಲೆ ಹೋಗುವುದನ್ನು ಬಿಟ್ಟು, ಚಳಿಗೆ ಮುದುಡಿದಂತೆ ಅಂಗಳದಲ್ಲೇ ಕೂತಿತು.

"ಅವ್ವ, ಹೊಗಿ ಭಾಳ ಆಗೇದ. ಆಕಿನ್ನ ಒಳಗ ಕೂಡಸು" ಎಂದೆ.

"ಹೋದ ವಾರ ಆಕಿ ಸೀನಿದ್ದಕ್ಕೂ ನಿನಗ ಚಿಂತಿ ಇತ್ತು" ಎಂದಳು ಅವ್ವ. "ಬಸರಿ ಹೆಣ್ಣಮಗಳಿಗೆ ಥಂಡಿ ಹತ್ತಿದ್ರ ಯಾರು ನೋಡೋರು? ನೀ ಸುಮ್ಮ ಚಾ ಕುಡಿ."

ಅಣ್ಣ ಒಲೆಯ ಬಾಯಿಂದಲೇ ಕೂಗಿದ: "ಇವನ ಮಾತ ಕೇಳಿದ್ರ ಉಸಿರೂ ಆಡಂಗಿಲ್ಲ ಬಿಡ್ರಿ."

ಎಲ್ಲರೂ ನಕ್ಕರು. ಶಾಂತಾ ಸೆರಗು ಮೂಗಿಗೆ ಹಿಡಿದು ಕೆಮ್ಮುತ್ತಲೇ ನಕ್ಕಳು. ನಾನೂ ನಕ್ಕೆ, ನನ್ನ ಚಿಂತೆಗಳ ಮೇಲೆ ನನಗೇ ನಂಬಿಕೆ ಕಡಿಮೆ.

ದಿನ ತುಂಬುವ ಮೊದಲೇ ನೋವು ಬಂದು ಅವಳನ್ನು ಹುಮನಾಬಾದಿನ ದವಾಖಾನೆಗೆ ಒಯ್ದೆವು. ಹೆಣ್ಣು ಕೂಸು. ನನ್ನ ಅಂಗೈಯಿಂದ ಮೊಳಕೈವರೆಗೂ ಬರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಡಾಕ್ಟರಮ್ಮ ಹೊರಗೆ ಬಂದು ಕೇಳಿದರು: "ಮನ್ಯಾಗ ಹೊಗಿ ಏನರೆ ಅದೇನ್ರಿ? ಕಟ್ಟಿಗಿ ಒಲಿ, ಬೀಡಿ ಸೇದೋರು?"

"ಇಲ್ರಿ ಅಕ್ಕಾರ" ಎಂದಳು ಅವ್ವ, ಸ್ವಲ್ಪ ಹೆಮ್ಮೆಯಿಂದಲೇ. "ನಮ್ಮಲ್ಲಿ ಗ್ಯಾಸ್ ಅದ."

ಅವ್ವ ಸುಳ್ಳು ಹೇಳಲಿಲ್ಲ. ಅಡುಗೆಮನೆಯಲ್ಲಿ ಗ್ಯಾಸೇ ಇತ್ತು. ಗಾಣ ಎಂದರೆ ಅವಳಿಗೆ ಅನ್ನ. ಅದು ಹೊಗೆಯ ಲೆಕ್ಕಕ್ಕೆ ಬರುವುದೆಂದು ಹೊಳೆಯಲೇ ಇಲ್ಲ. ಟಯರಿನ ಮಾತು ನಾನೇ ಹೇಳಿದೆ. ಡಾಕ್ಟರಮ್ಮ ಅದನ್ನು ಕಾಗದದ ಮೇಲೆ ಬರೆದುಕೊಂಡರು. "ತಾಯಿ ಉಸಿರಿನ್ಯಾಗ ಹೋಗಿದ್ದು ಕೂಸಿನ ತನಕಾನೂ ಮುಟ್ತದ್ರಿ. ಅದರಿಂದನ ಹಿಂಗಾತು ಅಂತ ನಾ ಹೇಳಾಕ ಬರಂಗಿಲ್ಲ. ಅಲ್ಲ ಅಂತಾನೂ ಹೇಳಾಕ ಬರಂಗಿಲ್ಲ."

ಕೂಸು ಹೆಸರಿಡುವ ತನಕ ಉಳಿಯಲಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಕಡಿದ ಕಬ್ಬು ಬಿದ್ದಿತ್ತು, ಆ ಮಧ್ಯಾಹ್ನವೂ ಒಲೆ ಉರಿಯಿತು. ಆಳುಗಳು ಬೆಲ್ಲ ತೆಗೆದರು. ಅಣ್ಣ ಟಯರಿನ ತುಂಡುಗಳನ್ನು ಒಂದೊಂದಾಗಿ ದೂರದ ಹಳ್ಳಕ್ಕೆ ಎಸೆದು ಬಂದ, ಯಾರೂ ಹೇಳಿರಲಿಲ್ಲ. ಗೋಡೆಯ ಬುಡದ ಕೌದಿಯನ್ನು ಅವ್ವ ಬಹಳ ದಿನ ಎತ್ತಲಿಲ್ಲ, ಅದರ ಮೇಲೆ ಯಾರೂ ಕೂರಲೂ ಇಲ್ಲ. ನನ್ನ ಒಂದು ಚಿಂತೆ ನಿಜವಾಯಿತೆಂದು ಮನೆಯಲ್ಲಿ ಒಬ್ಬರೂ ಬಾಯಿ ಬಿಟ್ಟು ಅನ್ನಲಿಲ್ಲ. ಅಂದಿದ್ದರೆ ನಾನು ಎಲ್ಲಿ ಹೋಗಿ ನಿಲ್ಲುತ್ತಿದ್ದೆನೋ.

ಈಗ, ಎಷ್ಟೋ ವರ್ಷ ದೇವರಿಗೆ ಹರಕೆ ಹೊತ್ತ ಮೇಲೆ, ಶಾಂತಾ ಮತ್ತೆ ಬಸುರಿ. ಮತ್ತೆ ಗಾಣದ ಕಾಲ. ಬೆಲ್ಲ ಮೂಸುತ್ತಿದ್ದಾಗಲೇ ಅವ್ವನ ಫೋನ್ ಬಂತು.

"ಶಾಂತಾನ್ನ ಇಲ್ಲಿಗಿ ಕರಕೊಂಡ ಬರಾಕ ಮನಸಾಗವಲ್ದು. ನಿನ್ನ ಮನಿನೂ ಆಕಿಗಿ ತವರ ಅಲ್ಲೇನು? ನಿನ್ನ ಕಡಿ ಹವಾ ಹ್ಯಾಂಗದ, ನೋಡಿ ಹೇಳಪ್ಪ."

ಕಿಟಕಿಯ ಹತ್ತಿರ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಧೂಳೆಬ್ಬಿಸಿ ಹೋಗುತ್ತಿದ್ದವು. ಮೂಲೆಯಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು, ಪ್ಲಾಸ್ಟಿಕ್ಕಿನ ವಾಸನೆ. ಚೆನ್ನಾಗಿದೆ ಎನ್ನಲು ಬಾಯಿ ಬರಲಿಲ್ಲ.

"ರಸ್ತಾದ ಧೂಳ ಅದ ಅವ್ವ. ಹಿಂದಿನ ಖೋಲಿ ಆಕಿಗಿ ಬಿಡ್ತೀವಿ."

"ಹೂಂ."

"ಇಲ್ಲಿ ಕಸ ಸುಡತಾರ. ಹೋಗಿ ಕೈ ಮುಗದು ಹೇಳ್ತೀನಿ. ಕೇಳ್ತಾರೋ ಇಲ್ಲೋ."

"ಹೂಂ."

ಅವ್ವ ನಗುತ್ತಾಳೇನೋ ಎಂದು ಕಾದೆ. ನಿನ್ನ ಚಿಂತಿ ಮುಗಿಯಂಗಿಲ್ಲ ಬಿಡು ಎಂದು ಒಮ್ಮೆ ಬೈದಿದ್ದರೂ ಸಾಕಿತ್ತು, ಎದೆ ಹಗುರಾಗುತ್ತಿತ್ತು. ಅವ್ವ ನಗಲಿಲ್ಲ.

"ಮತ್ತೇನರೆ ಇದ್ರ ಹೇಳಪ್ಪ" ಎಂದಳು. "ನೆನಪ ಮಾಡಿಕೊಂಡು ಎಲ್ಲಾ ಹೇಳು."